ಮೈ ಮರೆಯದ ಪಾಠ

"ಲಸಿಕೆ ಹಾಕಿಸಿಕೊಂಡರೂ ಕೋವಿಡ್ ಬಂತಲ್ಲ ಮಾಸ್ತರೇ, ಮತ್ತೆ ಆ ಸೂಜಿಯಿಂದ ಏನು ಬಂತು?" 2022ರಲ್ಲಿ ಹಲವು ಹೆತ್ತವರು ನಮ್ಮನ್ನು ಕೇಳಿದ ಪ್ರಶ್ನೆ ಇದು. ಆ ವರ್ಷದ ಜನವರಿ 3ರಂದು 15ರಿಂದ 18 ವರ್ಷದವರಿಗೆ ಕೋವ್ಯಾಕ್ಸಿನ್ ಕೊಡುವುದು ಆರಂಭವಾಗಿತ್ತು. ನಾವು ಕನ್ನಡ ಕಲಿಸುವವರು. ಆದರೂ ಇದು ಕಲಿಕೆ ಮತ್ತು ನೆನಪಿಗೆ ಸೇರಿದ ವಿಷಯವಾದುದರಿಂದ, ಓದಿ ತಿಳಿದಷ್ಟನ್ನು ಇಲ್ಲಿ ಹೇಳುತ್ತೇವೆ.

ಕೋವ್ಯಾಕ್ಸಿನ್‌ನಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಸ್. ಅದು ರೋಗ ತರಲಾರದು. ಆದರೆ ಅದರ ಗುರುತು ಉಳಿದಿರುತ್ತದೆ. ತೋಳಿಗೆ ಚುಚ್ಚಿದಾಗ ಆ ಗುರುತು ಕಂಕುಳಿನ ದುಗ್ಧಗ್ರಂಥಿಗಳನ್ನು ಮುಟ್ಟುತ್ತದೆ. ಅಲ್ಲಿ ಅಸಂಖ್ಯ ಬಿ ಜೀವಕೋಶಗಳಿವೆ. ಅವುಗಳಲ್ಲಿ ಆ ಗುರುತಿಗೆ ಹೊಂದುವ ಕೆಲವೇ ಕೋಶಗಳು ಟಿ ಜೀವಕೋಶಗಳ ನೆರವಿನಿಂದ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಕೆಲವು ಪ್ರತಿಕಾಯಗಳನ್ನು ತಯಾರಿಸುತ್ತವೆ. ಇನ್ನು ಕೆಲವು ನೆನಪಿನ ಕೋಶಗಳಾಗಿ ಸುಮ್ಮನೆ ಕಾದಿರುತ್ತವೆ.

ಮೊದಲ ಸಲ ಈ ಕೆಲಸಕ್ಕೆ ಒಂದೆರಡು ವಾರಗಳು ಬೇಕು. 28 ದಿನಗಳ ಬಳಿಕ ಎರಡನೆಯ ಸೂಜಿ ಹಾಕಿದಾಗ ನೆನಪಿನ ಕೋಶಗಳು ಕೆಲವೇ ದಿನಗಳಲ್ಲಿ ಎಚ್ಚೆತ್ತು, ಮೊದಲಿಗಿಂತ ಹೆಚ್ಚು ಪ್ರತಿಕಾಯಗಳನ್ನು ಒದಗಿಸುತ್ತವೆ. ಮಗ್ಗಿಯನ್ನು ಎರಡನೆಯ ಸಲ ಒಪ್ಪಿಸುವಂತೆ!

ತಿಂಗಳುಗಳು ಕಳೆದಂತೆ ರಕ್ತದ ಪ್ರತಿಕಾಯಗಳು ಇಳಿಯುತ್ತವೆ. ಸ್ಲೇಟಿನ ಬರಹ ಅಳಿದರೂ ಬಾಯಿಪಾಠ ಉಳಿಯುವುದಲ್ಲವೇ? ಹಾಗೆಯೇ ನೆನಪಿನ ಕೋಶಗಳು ಉಳಿದಿರುತ್ತವೆ. ಮೂಗಿಗೆ ಬಂದ ವೈರಸ್ ಅವು ಸಜ್ಜಾಗುವ ಮೊದಲೇ ಜ್ವರ, ಕೆಮ್ಮು ತರಬಹುದು. ಆದರೆ ಶ್ವಾಸಕೋಶ ಕೆಡುವಷ್ಟು ರೋಗ ಬಲಿಯುವ ಮುನ್ನ ಅವು ಸಾಮಾನ್ಯವಾಗಿ ಕೆಲಸಕ್ಕಿಳಿಯುತ್ತವೆ. ನೆನಪಿನ ಟಿ ಕೋಶಗಳು ಸೋಂಕು ತಗಲಿದ ಕೋಶಗಳನ್ನೇ ನಾಶಮಾಡುತ್ತವೆ. ಹೆತ್ತವರ ಪ್ರಶ್ನೆಗೆ ಉತ್ತರ ಇಲ್ಲಿದೆ: ಲಸಿಕೆ ಪ್ರತಿಯೊಂದು ಜ್ವರವನ್ನೂ ತಡೆಯದಿರಬಹುದು, ಆದರೆ ಪ್ರಾಣಾಪಾಯವನ್ನು ಬಹುವಾಗಿ ತಗ್ಗಿಸುತ್ತದೆ.

ಈ ನೆನಪು ಎಷ್ಟು ಕಾಲ ಬಾಳೀತು? 1918ರ ಇನ್‌ಫ್ಲುಯೆಂಜಾ ಮಹಾಮಾರಿಯ ಕಾಲದಲ್ಲಿ ಮಕ್ಕಳಾಗಿದ್ದ ವೃದ್ಧರ ರಕ್ತವನ್ನು ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಸುಮಾರು 90 ವರ್ಷಗಳ ಬಳಿಕವೂ ಕೆಲವರಲ್ಲಿ ಆ ವೈರಸ್ಸನ್ನು ಗುರುತಿಸುವ ಬಿ ಕೋಶಗಳಿದ್ದವು! ಅದು ರೋಗ ಕಲಿಸಿದ ಪಾಠ. ಆ ಪಾಠಕ್ಕೆ ಕೋಟ್ಯಂತರ ಜನ ಪ್ರಾಣ ತೆತ್ತರು. ಲಸಿಕೆ ಅಂಥ ಪಾಠವನ್ನೇ ಆ ಬೆಲೆಯಿಲ್ಲದೆ ಕಲಿಸುತ್ತದೆ.

ಎಲ್ಲ ನೆನಪೂ ಅಷ್ಟು ಕಾಲ ನಿಲ್ಲದು. ವೈರಸ್ ವೇಷ ಬದಲಿಸಿದರೆ ಹೊಸ ಪಾಠ ಬೇಕಾಗುತ್ತದೆ. ಆದುದರಿಂದ ಮಕ್ಕಳೇ, ವೈದ್ಯರು ಹೇಳಿದ ಲಸಿಕೆಯನ್ನು ಹೇಳಿದ ಕಾಲಕ್ಕೆ ಹಾಕಿಸಿಕೊಳ್ಳಿ. ರೋಗವೆಂಬ ಪರೀಕ್ಷೆ ವೇಳಾಪಟ್ಟಿ ಕೊಟ್ಟು ಬರುವುದಿಲ್ಲ.