ಟೂರಿಂಗ್ ಬೈಕು ಟ್ರ್ಯಾಕಿಗೆ ಒಗ್ಗುತ್ತದೆಯೇ?

ಪ್ರಶ್ನೆ: ನನ್ನದು ಕವಾಸಕಿ ನಿಂಜಾ 1000 ಎಸ್‌ಎಕ್ಸ್. ಕೊಡಗು, ಗೋಕರ್ಣ, ಕನ್ಯಾಕುಮಾರಿ ಎಲ್ಲ ಅದರಲ್ಲೇ ಸುತ್ತಿದ್ದೇನೆ. ಈಗ ಗೆಳೆಯರು ಚೆನ್ನೈ ಟ್ರ್ಯಾಕ್ ಡೇಗೆ ಕರೆಯುತ್ತಿದ್ದಾರೆ. ಅವರದೆಲ್ಲ ಸೂಪರ್‌ಸ್ಪೋರ್ಟ್ ಬೈಕುಗಳು. ಇಷ್ಟು ಭಾರದ ಗಾಡಿ ತಗೊಂಡು ಅಲ್ಲಿಗೆ ಹೋಗಬಹುದೇ?
– ಹೆಸರು ಬೇಡ, ಮೈಸೂರು

ಉತ್ತರ: ಖಂಡಿತ ಹೋಗಿ. ಟ್ರ್ಯಾಕ್ ಡೇ ರೇಸ್ ಅಲ್ಲ, ಅಲ್ಲಿ ಕಪ್ಪೂ ಇಲ್ಲ, ಪದಕವೂ ಇಲ್ಲ. ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿರುವ ಆ ಟ್ರ್ಯಾಕ್ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನದು. 1990ರಿಂದ ಇದೆ. ಉದ್ದ 3.717 ಕಿ.ಮೀ., ತಿರುವು 12. ಸವಾರರ ಬಾಯಲ್ಲಿ ಆ ತಿರುವುಗಳಿಗೆ ಸಿ1, ಸಿ2 ಎಂದೇ ಹೆಸರು.

ನಿಮ್ಮ ಬೈಕಿನದು 1,043 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ತೂಕ 235 ಕೆ.ಜಿ. ಆಸುಪಾಸು. 600 ಸಿಸಿಯ ಸೂಪರ್‌ಸ್ಪೋರ್ಟ್‌ಗಿಂತ ಸುಮಾರು 40 ಕೆ.ಜಿ. ಜಾಸ್ತಿ. ನೇರ ದಾರಿಯಲ್ಲಿ ಈ ಭಾರ ನಿಮಗೆ ಗೊತ್ತೇ ಆಗುವುದಿಲ್ಲ. ತಿರುವಿಗೆ ಮುಂಚೆ ಬ್ರೇಕ್ ಹಿಡಿದಾಗ ಹಿಂದಿನಿಂದ ಯಾರೋ ನೂಕಿದ ಹಾಗಾಗುತ್ತದೆ. ಅದಕ್ಕೇ ಗೆಳೆಯರು ಬ್ರೇಕ್ ಹಿಡಿಯುವ ಜಾಗ ನೋಡಿಕೊಂಡು ನೀವು ಹಿಡಿಯಬೇಡಿ. ಮೊದಲೇ ಹಿಡಿದು, ತಿರುವಿನೊಳಗೆ ಮೆತ್ತಗೆ ಬಿಡುತ್ತಾ ಹೋಗಿ. ನಿಮಗೊಂದು ಅನುಕೂಲವೂ ಇದೆ. ಕೆಳಗಿನ ಆರ್‌ಪಿಎಂನಲ್ಲೇ ಟಾರ್ಕ್ ಸಿಗುವುದರಿಂದ ಪದೇ ಪದೇ ಗೇರ್ ಬದಲಿಸುವ ಗೋಜಿಲ್ಲ, ಗಮನವೆಲ್ಲ ದಾರಿಯ ಮೇಲಿಡಬಹುದು. ಹೊಸಬರ ಗುಂಪಿಗೇ ಹೆಸರು ಕೊಡಿ.

ಒಂದು ಮಾತು ನೆನಪಿರಲಿ. ನಿಮ್ಮ ಗೆಳೆಯರಲ್ಲಿ ಕೆಲವರು ಬೈಕನ್ನು ಟೆಂಪೊದಲ್ಲಿ ಹೇರಿಕೊಂಡು ಬಂದಿರುತ್ತಾರೆ. ನೀವು ಓಡಿಸಿಕೊಂಡು ಹೋದ ಬೈಕಿನಲ್ಲೇ ಮೈಸೂರಿಗೆ ವಾಪಸಾಗಬೇಕು. ಟೂರಿಂಗ್ ಬೈಕಿನವರು ಟ್ರ್ಯಾಕಿನಲ್ಲಿ ಮಾಡುವ ಪ್ರತಿ ತೀರ್ಮಾನವೂ ಇದನ್ನು ಲೆಕ್ಕಕ್ಕೆ ಹಿಡಿದೇ ಇರಬೇಕು.

ಪ್ರಶ್ನೆ: ಟ್ರ್ಯಾಕಿಗೆ ಹೋಗುವ ಮುಂಚೆ ಬೈಕಿಗೆ ಏನೇನು ಮಾಡಿಸಬೇಕು? ಟೈರ್ ಬದಲಿಸಲೇಬೇಕೇ?
– ಓದುಗ, ಹುಬ್ಬಳ್ಳಿ

ಉತ್ತರ: ಮೊದಲು ಬ್ರೇಕ್ ಆಯಿಲ್. ಟೈರ್ ವಿಷಯ ಆಮೇಲೆ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಮೊದಲ ಸಲ ಟ್ರ್ಯಾಕಿಗಿಳಿದ ದಿನ, ಮೂರನೆಯ ಸೆಷನ್‌ನಲ್ಲಿ, ಉದ್ದದ ನೇರ ದಾರಿ ಮುಗಿಯುವಲ್ಲಿ ಬ್ರೇಕ್ ಹಿಡಿದೆ. ಲಿವರ್ ಸ್ಪಂಜಿನಂತೆ ಒಳಕ್ಕೆ ಹೋಗಿ ಹ್ಯಾಂಡಲಿಗೇ ತಾಗಿತು. ಗೇರ್ ಇಳಿಸಿ, ಹೇಗೋ ಹೊರಗಿನ ಹುಲ್ಲಿನ ಅಂಚಿನವರೆಗೆ ಹೋಗಿ ನಿಂತೆ. ಪಿಟ್‌ಗೆ ಬಂದು ಡಬ್ಬಿಯ ಮುಚ್ಚಳ ತೆಗೆದರೆ ಒಳಗಿದ್ದದ್ದು ಡಿಕಾಕ್ಷನ್ ಬಣ್ಣದ ಆಯಿಲ್. ಮೂರು ವರ್ಷದಿಂದ ಬದಲಿಸಿರಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ. ತೇವ ಹೀರಿದ ಆಯಿಲ್‌ಗೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ, ನೀವು ಒತ್ತುವುದು ಆ ಗುಳ್ಳೆಯನ್ನೇ ಹೊರತು ಪಿಸ್ಟನ್ನನ್ನಲ್ಲ. ಊರಿನ ರಸ್ತೆಯಲ್ಲಿ ಬ್ರೇಕ್ ಅಷ್ಟು ಕಾಯುವುದಿಲ್ಲ, ಹಾಗಾಗಿ ದೋಷ ಕಾಣಿಸುವುದೂ ಇಲ್ಲ. ಹೋಗುವ ವಾರ ಹೊಸ ಆಯಿಲ್ ಹಾಕಿಸಿ, ಗಾಳಿ ಪೂರ್ತಿ ತೆಗೆಸಿ. ಪ್ಯಾಡ್ ಅರ್ಧಕ್ಕಿಂತ ಸವೆದಿದ್ದರೆ ಹೊಸದು ಹಾಕಿಸಿ. ವಾಪಸು ಬರುವ ದಾರಿಗೂ ಅದೇ ಪ್ಯಾಡ್ ಬೇಕಲ್ಲ.

ಇನ್ನು ಟೈರ್. ಒಳ್ಳೆಯ ಸ್ಪೋರ್ಟ್ ಟೂರಿಂಗ್ ಟೈರ್ ಹೊಸಬರಿಗೆ ಧಾರಾಳವಾಗಿ ಸಾಕು. ರೇಸಿಂಗ್ ಟೈರ್ ಚೆನ್ನಾಗಿ ಕಾದರೆ ಮಾತ್ರ ಹಿಡಿತ ಕೊಡುತ್ತದೆ, ನಿಧಾನ ಹೋಗುವವರಿಗೆ ಅದು ಕಾಯುವುದೇ ಇಲ್ಲ. ಮುಖ್ಯವಾದದ್ದು ಗಾಳಿಯ ಒತ್ತಡ. ರಸ್ತೆಗೆಂದು ಮುಂದೆ 36, ಹಿಂದೆ 42 ಪಿಎಸ್‌ಐ ಹಾಕುವ ಬೈಕಿಗೆ ಟ್ರ್ಯಾಕಿನಲ್ಲಿ ಅಷ್ಟು ಬೇಡ. ತಣ್ಣಗಿರುವಾಗ 30ರ ಆಸುಪಾಸಿನಿಂದ ಶುರುಮಾಡುವುದು ರೂಢಿ. ನಿಮ್ಮ ಟೈರಿಗೆ ಎಷ್ಟು ಸರಿ ಎಂದು ಅಲ್ಲಿನ ತರಬೇತುದಾರರನ್ನು ಕೇಳಿ. ಸೆಷನ್ ಮುಗಿಸಿ ಬಂದ ತಕ್ಷಣ, ಹೆಲ್ಮೆಟ್ ತೆಗೆಯುವ ಮುಂಚೆಯೇ, ಗೇಜ್ ಇಟ್ಟು ನೋಡಿ ಬರೆದಿಟ್ಟುಕೊಳ್ಳಿ. ಸಂಜೆ ಹೆದ್ದಾರಿಗೆ ಇಳಿಯುವ ಮುಂಚೆ ಮತ್ತೆ ಮಾಮೂಲಿ ಒತ್ತಡಕ್ಕೆ ತನ್ನಿ. ಬಹಳ ಮಂದಿ ಇದನ್ನು ಮರೆಯುತ್ತಾರೆ.

ಉಳಿದದ್ದು ಸಣ್ಣ ಕೆಲಸ. ಪೆಟ್ಟಿಗೆ, ಟ್ಯಾಂಕ್ ಬ್ಯಾಗ್, ಮೊಬೈಲ್ ಹೋಲ್ಡರ್ ತೆಗೆಯಿರಿ. ಕನ್ನಡಿ ಬಿಚ್ಚಿ ಅಥವಾ ಮಡಚಿ. ಲೈಟು, ಇಂಡಿಕೇಟರ್‌ಗೆ ಟೇಪ್ ಸುತ್ತಿ; ಬೈಕು ಬಿದ್ದರೆ ಚೂರು ಟ್ರ್ಯಾಕಿನ ಮೇಲೆ ಚೆಲ್ಲಬಾರದು.

ಪ್ರಶ್ನೆ: ಹೋದ ಸಲ ಬಲ ತಿರುವಿನಲ್ಲಿ ಫುಟ್‌ಪೆಗ್ ನೆಲಕ್ಕೆ ಉಜ್ಜಿ ಕರ್ ಎಂದಿತು. ಗಾಬರಿಯಾಗಿ ಬೈಕನ್ನು ನೆಟ್ಟಗೆ ಮಾಡಿದೆ, ಟ್ರ್ಯಾಕಿನಿಂದ ಹೊರಗೇ ಹೋದೆ. ತಪ್ಪೆಲ್ಲಿ?
– ಓದುಗ, ಮಂಗಳೂರು

ಉತ್ತರ: ಬೀಳದೆ ಬಂದಿರಿ, ಸಂತೋಷ. ಪೆಗ್‌ನ ತುದಿಯಲ್ಲಿ ಕೆಳಮುಖವಾಗಿ ಒಂದು ಬೋಲ್ಟ್ ಇರುತ್ತದಲ್ಲ, ಅದಿರುವುದೇ ಎಚ್ಚರಿಸಲು. ಅದು ಉಜ್ಜಿದರೆ ಪೆಗ್ ಮೇಲಕ್ಕೆ ಮಡಚಿಕೊಳ್ಳುತ್ತದೆ, ಅನಾಹುತವಾಗುವುದಿಲ್ಲ. ಅದಕ್ಕೂ ಮೀರಿ ಬಗ್ಗಿಸಿದರೆ ಸ್ಟ್ಯಾಂಡೋ ಸೈಲೆನ್ಸರೋ ನೆಲಕ್ಕೆ ತಾಗಿ ಚಕ್ರವನ್ನೇ ಎತ್ತಿಬಿಡುತ್ತದೆ. ಅಪಾಯ ಅದು. ಟೂರಿಂಗ್ ಬೈಕಿನ ಪೆಗ್ ಕಾಲಿಗೆ ಆರಾಮವಾಗಲೆಂದು ತಗ್ಗಿನಲ್ಲಿರುತ್ತದೆ, ಹಾಗಾಗಿ ಬೇಗ ಉಜ್ಜುತ್ತದೆ.

ಹಿಂದಿನ ಸ್ಪ್ರಿಂಗಿನ ಪ್ರೀಲೋಡ್ ಸ್ವಲ್ಪ ಹೆಚ್ಚಿಸಿ, ಹಿಂಭಾಗ ಏರುತ್ತದೆ. ತಿರುವಿಗೆ ಮುಂಚೆಯೇ ಅರ್ಧ ಸೀಟಿನಷ್ಟು ಒಳಗಡೆಗೆ ಸರಿದು ಕುಳಿತುಕೊಳ್ಳಿ, ಗಲ್ಲ ಒಳಗಿನ ಕನ್ನಡಿಯ ಜಾಗದ ಕಡೆಗಿರಲಿ. ನೀವು ಬಗ್ಗಿದಷ್ಟು ಬೈಕು ಬಗ್ಗಬೇಕಾಗಿಲ್ಲ. ಪಾದದ ಮುಂಭಾಗ ಮಾತ್ರ ಪೆಗ್ ಮೇಲಿರಲಿ. ಕರ್ ಎಂದರೆ ಥ್ರಾಟಲ್ ಬಿಡಬೇಡಿ, ಇದ್ದಲ್ಲೇ ಹಿಡಿದು ತಿರುವಿನ ಕೊನೆಯತ್ತ ನೋಡಿ. ನೀವು ಹೊರಗೆ ಹೋದದ್ದು ಹೊರಗಿನ ಅಂಚನ್ನು ನೋಡಿದ್ದರಿಂದ. ಕಣ್ಣು ಹೋದ ಕಡೆಗೆ ಬೈಕು ಹೋಗುತ್ತದೆ.

ಪ್ರಶ್ನೆ: ಮಗ ಟ್ರ್ಯಾಕಿಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಕಳಿಸಲೋ ಬೇಡವೋ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮ, ಭಾನುವಾರ ಮುಂಜಾನೆ ನಂದಿ ಬೆಟ್ಟದ ದಾರಿಯಲ್ಲಿ ಹುಡುಗರು ಬೈಕು ಓಡಿಸುವುದನ್ನು ನೋಡಿ ನಾನೂ ನಿದ್ದೆಗೆಟ್ಟವನೇ. ಟ್ರ್ಯಾಕಿನಲ್ಲಿ ಎದುರಿಗೆ ಲಾರಿ ಬರುವುದಿಲ್ಲ, ನಾಯಿ ಅಡ್ಡ ಬರುವುದಿಲ್ಲ. ಬಾವುಟ ಹಿಡಿದವರು ನಿಂತಿರುತ್ತಾರೆ, ಆಂಬುಲೆನ್ಸ್ ಕಾದಿರುತ್ತದೆ. ಹಾಗಂತ ಅಲ್ಲಿ ಬೀಳುವುದೇ ಇಲ್ಲ ಎಂದು ಸುಳ್ಳು ಹೇಳಲಾರೆ. ಬೀಳುತ್ತಾರೆ. ವೇಗದ ಆಸೆ ಇರುವ ಹುಡುಗನಿಗೆ ರಸ್ತೆಗಿಂತ ಅದೇ ಸರಿಯಾದ ಜಾಗ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಳಿಸಿ.

ಮೂರು ವಿಷಯ ಅವನನ್ನು ಕೇಳಿ. ಮೈಪೂರ್ತಿ ಚರ್ಮದ ಸೂಟು, ಬೆನ್ನಿನ ರಕ್ಷಾಕವಚ, ಫುಲ್‌ಫೇಸ್ ಹೆಲ್ಮೆಟ್, ಕಣಕಾಲು ಮುಚ್ಚುವ ಬೂಟು ಇವೆಯೇ? ಬಲೆಯ ಬಟ್ಟೆಯ ಟೂರಿಂಗ್ ಜಾಕೆಟ್ ಸಾಲದು. ಎರಡನೆಯದು, ವಾಹನ ವಿಮೆಯ ಪಾಲಿಸಿಯಲ್ಲಿ ರೇಸಿಂಗ್ ಮತ್ತು ವೇಗ ಪರೀಕ್ಷೆಯನ್ನು ಹೊರಗಿಟ್ಟಿರುತ್ತಾರೆ, ಬಿದ್ದರೆ ಬೈಕಿನ ರಿಪೇರಿ ಖರ್ಚು ಅವನ ಕೈಯಿಂದಲೇ. ಅದಕ್ಕೆ ದುಡ್ಡು ತೆಗೆದಿಟ್ಟಿದ್ದಾನೆಯೇ? ಮೂರನೆಯದು, ಯಾವಾಗ ಹೊರಡುತ್ತಾನೆ? ದಿನವಿಡೀ ಚೆನ್ನೈ ಬಿಸಿಲಲ್ಲಿ ಚರ್ಮದ ಸೂಟಿನೊಳಗೆ ಬೆಂದವನ ಕೈಕಾಲು ಸಂಜೆಗೆ ಸೋತಿರುತ್ತವೆ. ಮನಸ್ಸಿನಲ್ಲಿ ಮಾತ್ರ ಟ್ರ್ಯಾಕಿನ ವೇಗ ಇಳಿದಿರುವುದಿಲ್ಲ. ಅದೇ ರಾತ್ರಿ ಹೆದ್ದಾರಿಗೆ ಇಳಿಯಬೇಡ ಎಂದು ಹೇಳಿ. ಅಲ್ಲೇ ಮಲಗಿ, ಬೆಳಿಗ್ಗೆ ತಿಂಡಿ ತಿಂದು ಹೊರಡಲಿ.