ನಿವೃತ್ತರಿಗೆ ಹೆಚ್ಚುವರಿ ಆರೋಗ್ಯ ವಿಮೆ: ಸಹಿ ಹಾಕುವ ಮುನ್ನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ನಮ್ಮ ಮನೆಗಳಲ್ಲಿ ಹಿರಿಯರಿಗೆ ಹೃದಯದ ತೊಂದರೆ ಬಂದರೆ ದಾವಣಗೆರೆಗೋ ಬಳ್ಳಾರಿಗೋ ಓಡಬೇಕು. ನಿವೃತ್ತಿಯಾದ ಮೇಲೆ ಸಂಬಳ ನಿಲ್ಲುತ್ತದೆ. ಕಂಪನಿ ಮಾಡಿಸಿದ್ದ ಗುಂಪು ವಿಮೆಯೂ ಸಾಮಾನ್ಯವಾಗಿ ಕೆಲಸದೊಂದಿಗೇ ಮುಗಿಯುತ್ತದೆ. ಸ್ವಂತಕ್ಕೆ ಮಾಡಿಸಿದ ಸಣ್ಣ ಪಾಲಿಸಿ ದೊಡ್ಡ ಬಿಲ್ಲಿಗೆ ಸಾಲದು. ಆ ಕೊರತೆ ತುಂಬಲು ಟಾಪ್-ಅಪ್, ಸೂಪರ್ ಟಾಪ್-ಅಪ್ ಎಂಬ ಪಾಲಿಸಿಗಳಿವೆ. ಹೆಸರು ಹತ್ತಿರ, ಲೆಕ್ಕ ಬೇರೆ.

ಎರಡರಲ್ಲೂ 'ಡಿಡಕ್ಟಿಬಲ್' ಎಂಬ ಮಿತಿ ಇರುತ್ತದೆ. ಅಷ್ಟು ಖರ್ಚನ್ನು ಮೊದಲು ನೀವೋ ನಿಮ್ಮ ಹಳೆಯ ಪಾಲಿಸಿಯೋ ಭರಿಸಬೇಕು. ಅಬ್ಬಾ ಅವರಿಗೆ 3 ಲಕ್ಷದ ಪಾಲಿಸಿ ಇದೆ, ಹೊಸದರ ಮಿತಿಯೂ 3 ಲಕ್ಷ ಎನ್ನೋಣ. ಒಂದೇ ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿ 2 ಲಕ್ಷ ಮತ್ತು 2.5 ಲಕ್ಷ ಬಿಲ್ ಆಯಿತು. ಒಟ್ಟು 4.5 ಲಕ್ಷದಲ್ಲಿ ಹಳೆಯ ಪಾಲಿಸಿ 3 ಲಕ್ಷ ಕೊಡುತ್ತದೆ. ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆಯಾಗಿ ನೋಡುತ್ತದೆ. ಯಾವುದೂ 3 ಲಕ್ಷ ದಾಟಿಲ್ಲವಾದ್ದರಿಂದ ಏನೂ ಸಿಗದು. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನು ಕೂಡಿಸಿ ನೋಡುತ್ತದೆ, ಉಳಿದ 1.5 ಲಕ್ಷ ಅದರಿಂದ ಬರುತ್ತದೆ. ಪದೇ ಪದೇ ಆಸ್ಪತ್ರೆ ಸೇರಬೇಕಾಗುವ ವಯಸ್ಸಿಗೆ ಇದೇ ಮೇಲು.

ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಹಳೆಯ ಆಪರೇಷನ್ ಯಾವುದನ್ನೂ ಮುಚ್ಚಿಡಬೇಡಿ. "ಬರೆಯದಿದ್ದರೆ ನಡೆಯುತ್ತದೆ" ಎಂದು ಏಜೆಂಟರು ಹೇಳಿದರೂ ಒಪ್ಪಬೇಡಿ. ಸುಳ್ಳು ನಮಗೆ ಸಲ್ಲದು. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮು ತಿರಸ್ಕೃತವಾಗಬಹುದು, ಆಗ ಕಟ್ಟಿದ ಹಣವೂ ಹೋಯಿತು, ಚಿಕಿತ್ಸೆಯ ಸಾಲವೂ ತಲೆಗೆ ಬಂತು. 2024ರ ನಿಯಮದಂತೆ, ಹೇಳಿಕೊಂಡ ಹಳೆಯ ಕಾಯಿಲೆಗೆ ಕಾಯುವ ಅವಧಿ 3 ವರ್ಷ ಮೀರುವಂತಿಲ್ಲ. ಪಾಲಿಸಿ ಕೈಸೇರಿದ ಮೇಲೆ 30 ದಿನಗಳೊಳಗೆ ಓದಿ, ಬೇಡವೆನಿಸಿದರೆ ಹಿಂದಿರುಗಿಸಬಹುದು. ವೈಯಕ್ತಿಕ ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ.

ಹಣ ಕಟ್ಟುವ ಮೊದಲು ಸರಕಾರದ ಸೌಲಭ್ಯ ವಿಚಾರಿಸಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ಗರಿಷ್ಠ 1.5 ಲಕ್ಷ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಮನೆಯಲ್ಲಿ 70 ದಾಟಿದವರಿದ್ದರೆ, ಕೇಂದ್ರ 2024ರಲ್ಲಿ ಆರಂಭಿಸಿದ ವಯ ವಂದನಾ ಕಾರ್ಡಿನ ಬಗ್ಗೆಯೂ ತಾಲೂಕು ಆಸ್ಪತ್ರೆಯಲ್ಲಿ ಕೇಳಿ.

ವಿಮೆಯ ಧಾರ್ಮಿಕ ವಿಧಿಯ ಬಗ್ಗೆ ಸಂದೇಹವಿದ್ದವರು ಆಲಿಮರನ್ನು ಕೇಳಿ ತೀರ್ಮಾನಿಸಲಿ. ಯಾವ ದಾರಿ ಹಿಡಿದರೂ, ಅಬ್ಬಾ-ಅಮ್ಮಿಯ ಕಾರ್ಡು, ಪಾಲಿಸಿ, ಆಧಾರ್ ಒಂದೇ ಚೀಲದಲ್ಲಿಟ್ಟು ಅದು ಎಲ್ಲಿದೆಯೆಂದು ಮನೆಯವರೆಲ್ಲರಿಗೂ ಇಂದೇ ತಿಳಿಸಿ.