ಅಟ್ಟದ ಮೇಲಿನ ಗಂಟು

ಓದತಕ್ಕ ವೇದಭಾಗ: ಲೂಕ 12:13-21, 1 ತಿಮೊಥೆಯ 6:6-10

ಪ್ರಿಯರೇ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಗಳಲ್ಲಿ ಸುಗ್ಗಿಯು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವಾಗ, ಬೇಕಾದದ್ದೂ ಬೇಡವಾದದ್ದೂ ಕೂಡಿ ನಮ್ಮ ಮನೆಗಳೊಳಗೆ ಬರುತ್ತವೆ. ಬಂದದ್ದು ಹೊರಗೆ ಹೋಗುವದು ಅಪರೂಪ. ಮದುವೆಯ ಪಾತ್ರೆಗಳು ಗಂಟಿನಲ್ಲಿಯೇ ಇರುತ್ತವೆ. ಉಡದ ಬಟ್ಟೆಗಳು ಪೆಟ್ಟಿಗೆಯಲ್ಲಿ ಮಾಸುತ್ತವೆ. ಮಕ್ಕಳು ಮಲಗತಕ್ಕ ಸ್ಥಳದಲ್ಲಿ ಮುರಿದ ಸಾಮಾನುಗಳು ಮಲಗಿರುತ್ತವೆ. ಈ ವಿಷಯದಲ್ಲಿ ದೇವರ ವಾಕ್ಯವು ನಮಗೆ ಏನು ಕಲಿಸುತ್ತದೆಂದು ಈ ತಿಂಗಳಲ್ಲಿ ವಿಚಾರಿಸೋಣ.

1. ಐಶ್ವರ್ಯವಂತನ ತಪ್ಪು ಯಾವದು? ಅವನ ಭೂಮಿಯು ಚೆನ್ನಾಗಿ ಬೆಳೆಯಿತು. ಅದು ತಪ್ಪಲ್ಲ, ದೇವರ ದಾನವೇ. ಆದರೆ ಅವನು ತನ್ನೊಳಗೆ ಆಡಿದ ಮಾತುಗಳನ್ನು ಲಕ್ಷ್ಯಕೊಟ್ಟು ಓದಿರಿ. ನನ್ನ ಬೆಳೆ, ನನ್ನ ಕಣಜ, ನನ್ನ ಪ್ರಾಣ ಎಂಬದೇ ಅವನ ಮಾತು. ಅದರಲ್ಲಿ ದೇವರ ಹೆಸರಿಲ್ಲ, ನೆರೆಯವನ ನೆನಪಿಲ್ಲ. ಅದೇ ರಾತ್ರಿ ಪ್ರಾಣವು ಹೋಗಲಾಗಿ ಕಣಜವು ಅವನಿಗೆ ಏನು ಮಾಡಿತು?

ಬ್ಯಾಡಗಿಯ ಶೈತ್ಯಾಗಾರಗಳಲ್ಲಿ ಮೆಣಸಿನಕಾಯಿಯನ್ನು ಇಟ್ಟು ದರಕ್ಕಾಗಿ ಕಾಯುವ ರೈತನೂ ಇದೇ ತಪ್ಪನ್ನು ಮಾಡುತ್ತಾನೋ ಎಂದು ಕೆಲವರು ಕೇಳಬಹುದು. ಹಾಗಲ್ಲ. ದುಡಿಮೆಗೆ ನ್ಯಾಯವಾದ ಬೆಲೆಯನ್ನು ಬಯಸುವದು ಪಾಪವಲ್ಲ. ಯೋಸೇಫನು ಐಗುಪ್ತದಲ್ಲಿ ಏಳು ವರ್ಷ ಧಾನ್ಯವನ್ನು ಕೂಡಿಸಿಟ್ಟನು. ಆದರೆ ಬರಗಾಲದಲ್ಲಿ ಕಣಜಗಳನ್ನು ತೆರೆದನು. ರಾಣೇಬೆನ್ನೂರಿನ ಸುತ್ತಲಿನ ಹೊಲಗಳಲ್ಲಿ ಹತ್ತಿಯ ಬೀಜವನ್ನೂ ಕಾಯಿಪಲ್ಯದ ಬೀಜವನ್ನೂ ಬೆಳೆಯುವವರು ಇದನ್ನು ಚೆನ್ನಾಗಿ ಬಲ್ಲರು. ಬೀಜವನ್ನು ಇಡುವದು ಬಿತ್ತುವದಕ್ಕಾಗಿ. ಬಿತ್ತದೆ ಇಟ್ಟ ಬೀಜವು ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದದರಿಂದ ಮನೆಯ ಒಂದೊಂದು ವಸ್ತುವನ್ನು ಕುರಿತು ಹೀಗೆ ಕೇಳಿಕೊಳ್ಳಿರಿ: ಇದು ಬೀಜವೋ, ಬರೀ ಹುಳಕ್ಕೆ ಆಹಾರವೋ?

2. ಹೆಚ್ಚು ಸಾಮಾನು ಹೆಚ್ಚು ಭಯವನ್ನು ತರುತ್ತದೆ. ಬ್ಯಾಡಗಿಯ ಮೆಣಸಿನಕಾಯಿಗೆ ಲೋಕದಲ್ಲಿ ಹೆಸರಿದೆ. ಖಾರ ಕಡಿಮೆ, ಬಣ್ಣ ಅಧಿಕ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆಯಿತು. ಆದರೂ 2024ನೇ ಮಾರ್ಚ್ 11ರಂದು ಅದೇ ಮಾರುಕಟ್ಟೆಯಲ್ಲಿ ದರವು ಕುಸಿಯಿತೆಂದು ರೈತರು ಕಂಗೆಟ್ಟು ರೊಚ್ಚಿಗೆದ್ದರು, ವಾಹನಗಳು ಸುಟ್ಟುಹೋದವು. ಆ ರೈತರ ಸಂಕಟಕ್ಕೆ ನಾವು ತೀರ್ಪು ಮಾಡುವದಿಲ್ಲ. ಬಹು ಕಾಲದ ಬೆವರು ಒಂದು ದಿವಸದಲ್ಲಿ ಅಗ್ಗವಾಗುವದು ಕಠಿಣವಾದ ಸಂಗತಿ. ಆದರೆ ಮುಂದಿನ ವರ್ಷದ ದರವನ್ನು ನೆಚ್ಚಿ ಈ ವರ್ಷವೇ ಕಂತಿನ ಮೇಲೆ ಸಾಮಾನು ತಂದ ಮನೆಯು ಅಂಥ ದಿನದಲ್ಲಿ ಎರಡು ಪೆಟ್ಟು ತಿನ್ನುತ್ತದೆ. ಒಂದು ಮಾರುಕಟ್ಟೆಯಿಂದ, ಇನ್ನೊಂದು ಸಾಲಗಾರನಿಂದ. ಊಟ ಬಟ್ಟೆಗಳಲ್ಲಿ ತೃಪ್ತರಾಗಿರಬೇಕೆಂದು ಅಪೊಸ್ತಲನು ಬರೆದದ್ದು ನಮ್ಮ ಸಂತೋಷವನ್ನು ಕಸಿದುಕೊಳ್ಳುವದಕ್ಕಲ್ಲ, ನಮ್ಮ ನಿದ್ರೆಯನ್ನು ಕಾಪಾಡುವದಕ್ಕೆ.

3. ಸರಳವಾದ ಮನೆಗಳಿಂದಲೇ ಸುವಾರ್ತೆಯು ನಮ್ಮ ಬಳಿಗೆ ಬಂತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದರು. ಈ ಕೆಲಸವು ಧನವಂತರ ಹಣದಿಂದ ಮಾತ್ರ ನಡೆಯಲಿಲ್ಲ. 1855ರಲ್ಲಿ ಅರ್ಧ ಬಾಟ್ಸೆನ್ ಎಂಬ ಸಣ್ಣ ನಾಣ್ಯದ ಕಾಣಿಕೆಯು ಆರಂಭವಾಯಿತು. ಸಾಮಾನ್ಯ ಜನರು ವಾರಕ್ಕೆ ಆ ಒಂದು ನಾಣ್ಯವನ್ನು ತೆಗೆದಿಟ್ಟು ಕೊಟ್ಟರು. ಯಾರೋ ಒಬ್ಬ ತಾಯಿಯು ತನ್ನ ಮನೆಗೆ ತರಬಹುದಾಗಿದ್ದ ಒಂದು ವಸ್ತುವನ್ನು ತರದೆ ಬಿಟ್ಟದ್ದರಿಂದ ನಮ್ಮ ಹಿರಿಯರ ಕೈಗೆ ಸತ್ಯವೇದವು ಬಂದಿರಲಾರದೋ?

4. ನಮ್ಮ ಅರಿಕೆ. ಇದನ್ನು ಬರೆಯುವ ಮುಂಚೆ ನಾವು ನಮ್ಮ ಮನೆಯ ಅಟ್ಟವನ್ನು ಹತ್ತಿದೆವು. ಒಂದು ಗಂಟಿನಲ್ಲಿ ಮೂರು ಕಂಬಳಿಗಳು ಸಿಕ್ಕಿದವು. ಎರಡನ್ನು ಇಲಿ ಕಡಿದಿತ್ತು. ಹೋದ ಚಳಿಗಾಲದಲ್ಲಿ ಮೆಣಸಿನಕಾಯಿ ಬಿಡಿಸಲು ಪರಸ್ಥಳದಿಂದ ಬಂದ ಕೂಲಿಯವರು ನಮ್ಮ ಮನೆಯ ಹಿಂದಿನ ಕಣದಲ್ಲಿ ಗೋಣೀಚೀಲ ಹೊದ್ದು ಮಲಗಿದ್ದರು. ಅವರೊಂದಿಗೆ ಒಂದು ಕೈಗೂಸೂ ಇತ್ತು. ನಾವು ಅವರಿಗಾಗಿ ಪ್ರಾರ್ಥಿಸಿದ್ದೆವು. ಕಂಬಳಿಯು ನೆನಪಿಗೆ ಬರಲಿಲ್ಲ. ಎರಡು ಅಂಗಿಗಳಿದ್ದವನ ವಿಷಯವಾಗಿ ಸ್ನಾನಿಕನಾದ ಯೋಹಾನನು ಹೇಳಿದ್ದನ್ನು (ಲೂಕ 3:11) ಆ ದಿವಸ ನಾವು ತಲೆಯೆತ್ತಿ ಓದಲಾರದೆ ಹೋದೆವು.

5. ಮಾಡತಕ್ಕದ್ದೇನು? ಒಂದು ಶನಿವಾರ ಸಾಯಂಕಾಲ ಕುಟುಂಬಪ್ರಾರ್ಥನೆಯಾದ ಮೇಲೆ ಗಂಡ ಹೆಂಡತಿ ಮಕ್ಕಳು ಕೂಡಿ ಒಂದೇ ಪೆಟ್ಟಿಗೆಯನ್ನು ತೆರೆಯಿರಿ. ಎಲ್ಲವನ್ನು ಒಂದೇ ದಿನ ಮಾಡಬೇಡಿರಿ. ನಿತ್ಯ ಬೇಕಾದದ್ದು, ಇನ್ನೊಬ್ಬರಿಗೆ ಬೇಕಾದದ್ದು, ಯಾರಿಗೂ ಬೇಡವಾದದ್ದು ಎಂದು ಮೂರು ಪಾಲು ಮಾಡಿರಿ. ಹೆಂಡತಿಯ ತವರಿನ ಪಾತ್ರೆಯನ್ನು ಆಕೆಯ ಒಪ್ಪಿಗೆಯಿಲ್ಲದೆ ಗಂಡನು ಕೊಡಬಾರದು. ಮಗುವಿನ ಆಟದ ಸಾಮಾನನ್ನು ಮಗುವೇ ತನ್ನ ಕೈಯಿಂದ ಕೊಡಲಿ. ಹರಕನ್ನು ಬಡವನಿಗೆ ಕೊಟ್ಟು ದಾನವೆನ್ನಬೇಡಿರಿ. ಕುಂಟಾದ ಪಶುವನ್ನು ಯಜ್ಞಕ್ಕೆ ತಂದವರನ್ನು ಪ್ರವಾದಿಯಾದ ಮಲಾಕಿಯನು ಗದರಿಸಿದನು. ಮಾರತಕ್ಕದ್ದನ್ನು ಮಾರಿ ಮೊದಲು ಸಾಲವನ್ನು ತೀರಿಸಿರಿ. ಬೇಕಾದದ್ದನ್ನು ನಾಚಿಕೆಯಿಲ್ಲದೆ ಇಟ್ಟುಕೊಳ್ಳಿರಿ. ಪೌಲನು ಸೆರೆಯಲ್ಲಿದ್ದಾಗಲೂ ತನ್ನ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಿಸಿಕೊಳ್ಳಲಿಲ್ಲವೋ? ಹೊಸದನ್ನು ಕೊಳ್ಳುವ ಮುಂಚೆ ಒಂದು ತಿಂಗಳು ತಾಳಿರಿ. ಅನೇಕ ಆಶೆಗಳು ಅಷ್ಟರಲ್ಲಿ ತಾವಾಗಿಯೇ ಆರಿಹೋಗುವವು.

ಆ ಮೂರನೆಯ ಕಂಬಳಿಯು ಈಗ ನಮ್ಮ ಅಟ್ಟದಲ್ಲಿಲ್ಲ. ಕೈಗೂಸಿನ ತಾಯಿಯು ಎಲ್ಲಿದ್ದಾಳೋ ತಿಳಿಯದು. ಆಕೆಗೆ ಸಲ್ಲತಕ್ಕದ್ದು ಬೇರೊಬ್ಬ ತಾಯಿಗೆ ಸಂದಿತು. ಪ್ರಿಯರೇ, ನಮ್ಮ ಹಾಗೆ ತಡಮಾಡಬೇಡಿರಿ. ತಲೆಯಿಡುವಷ್ಟು ಸ್ಥಳವೂ ಇಲ್ಲದೆ ನಮಗೋಸ್ಕರ ನಡೆದಾಡಿದ ಕರ್ತನು ನಮ್ಮ ಮನೆಗಳಿಗೆ ಬಂದಾಗ ಕೂತುಕೊಳ್ಳುವದಕ್ಕೆ ಆತನಿಗೆ ಸ್ಥಳ ಸಿಕ್ಕಲಿ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು: ಒಂದು ವರ್ಷದಿಂದ ನಾವು ಮುಟ್ಟದ ವಸ್ತು ಯಾವದು? ಅದು ಇಲ್ಲದೆ ಈ ಊರಲ್ಲಿ ಕಷ್ಟಪಡುವವರು ಯಾರು?